ಲೇಪಾಕ್ಷಿಯ ಚಾವಣಿಯ ಕೆಳಗೆ ಹತ್ತು ಜನ



ಇಟಲಿ ನೋಡಿ ಬಂದ ಕನ್ನಡಿಗರು ಈಗ ನಮ್ಮ ನಡುವೆ ಸಾಕಷ್ಟಿದ್ದಾರೆ. ಅವರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ದೊಡ್ಡ ಬಸ್ಸಿನಲ್ಲಿ ಐವತ್ತು ಜನರ ಜೊತೆ ಕೂತು ರೋಮ್, ಫ್ಲಾರೆನ್ಸ್, ವೆನಿಸ್ ಎಂದು ದಿನಕ್ಕೊಂದು ಊರು ಮುಗಿಸಿ ಬಂದವರು ಒಂದು ಬಗೆ. ಅವರ ಬಳಿ ಫೋಟೊಗಳು ಬಹಳ, ಹೇಳಲು ಮಾತು ಕಡಿಮೆ. ಹತ್ತು ಹನ್ನೆರಡು ಜನ ಸೇರಿ ಒಂದೇ ಸೀಮೆಯಲ್ಲಿ ವಾರ ಕಳೆದು ಬಂದವರು ಇನ್ನೊಂದು ಬಗೆ. ಇವರು ಬೆಳಿಗ್ಗೆ ಒಂದು ಹಳೆಯ ಇಗರ್ಜಿಯ ಗೋಡೆಚಿತ್ರದ ಮುಂದೆ ನಿಂತಿರುತ್ತಾರೆ, ಮಧ್ಯಾಹ್ನ ಅದೇ ಊರಿನ ರೈತನ ಮನೆಯಲ್ಲಿ ಉಂಡಿರುತ್ತಾರೆ, ಸಂಜೆ ಕಡಲಂಚಿನ ಹಳ್ಳಿಯ ಕಲ್ಲುದಾರಿಯಲ್ಲಿ ನಡೆದಿರುತ್ತಾರೆ. ಇವರನ್ನು ಮಾತಿಗೆ ಕೂರಿಸಿದರೆ ರಾತ್ರಿಯಾದರೂ ಏಳುವುದಿಲ್ಲ. ಆ ಚಿತ್ರದ ಬಣ್ಣ ಯಾವ ಬೆಟ್ಟದ ಮಣ್ಣು, ಆ ಎಣ್ಣೆ ಯಾವ ತೋಟದ್ದು, ಆ ಮುದುಕಿ ಹಿಟ್ಟನ್ನು ಹೇಗೆ ನಾದುತ್ತಿದ್ದಳು ಎಂದೆಲ್ಲ ಹೇಳುತ್ತಾರೆ.

ಈ ಎರಡನೆಯ ಬಗೆಯ ಪ್ರಯಾಣದ ಬಗ್ಗೆ ಇವತ್ತು ಮಾತಾಡುತ್ತೇನೆ. ಆದರೆ ಅದಕ್ಕಾಗಿ ನಿಮ್ಮನ್ನು ಇಟಲಿಗೆ ಕರೆದೊಯ್ಯುವುದಿಲ್ಲ, ಆಂಧ್ರದ ಹಿಂದೂಪುರಕ್ಕೆ ಕರೆಯುತ್ತೇನೆ. ಬೆಂಗಳೂರಿನಿಂದ ರೈಲು ಹತ್ತಿದರೆ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಬೆಳಗಿನ ತಿಂಡಿಯ ಹೊತ್ತಿಗೆ ಮುಟ್ಟಬಹುದಾದ ಊರು ಇದು. ಕಲೆ, ಊಟ, ಹಳ್ಳಿ ಮೂರನ್ನೂ ಒಟ್ಟಿಗೆ ಕಾಣಲು ಇದಕ್ಕಿಂತ ಒಪ್ಪುವ ಸೀಮೆ ನಮ್ಮ ಸುತ್ತಮುತ್ತ ಇಲ್ಲವೆಂದು ನಾನು ನಂಬಿದ್ದೇನೆ. ಅದನ್ನು ಕಾಣುವುದಕ್ಕೆ ಚಿಕ್ಕ ಗುಂಪೇ ಬೇಕು, ನಿಧಾನವೇ ಬೇಕು ಎಂಬುದೂ ನನ್ನ ನಂಬಿಕೆ.

ಚಿಕ್ಕ ಗುಂಪು ಯಾಕೆ ಎಂದು ಕೇಳಬಹುದು. ಇಟಲಿಯ ಪಡುವಾ ಎಂಬ ಊರಿನಲ್ಲಿ ಸ್ಕ್ರೊವೆಞಿ ಎಂಬ ಒಂದು ಸಣ್ಣ ಪ್ರಾರ್ಥನಾಮಂದಿರವಿದೆ. 1305ರ ಸುಮಾರಿಗೆ ಜೊತ್ತೊ ಎಂಬ ಚಿತ್ರಕಾರ ಅದರ ಗೋಡೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಇವತ್ತು ಅದರೊಳಗೆ ಒಮ್ಮೆಗೆ ಬಿಡುವುದು ಸುಮಾರು ಇಪ್ಪತ್ತೈದು ಜನರನ್ನು. ಅವರೂ ನೇರವಾಗಿ ಒಳಗೆ ಹೋಗುವಂತಿಲ್ಲ. ಮೊದಲು ಗಾಜಿನ ಕೋಣೆಯೊಂದರಲ್ಲಿ ಹದಿನೈದು ನಿಮಿಷ ಕೂರಬೇಕು. ಮೈಯ ಬಿಸಿ, ಬಟ್ಟೆಯ ಧೂಳು, ಉಸಿರಿನ ತೇವ ಒಳಗಿನ ಗಾಳಿಯನ್ನು ಕೆಡಿಸದಿರಲಿ ಎಂದು ಈ ಏರ್ಪಾಡು. ಸುಣ್ಣದ ಗಾರೆಯ ಮೇಲೆ ನಿಂತ ಬಣ್ಣಕ್ಕೆ ಮನುಷ್ಯನ ಉಸಿರೇ ಶತ್ರು. ಹಾಗಾಗಿ ಅಲ್ಲಿ ಚಿಕ್ಕ ಗುಂಪು ಎಂಬುದು ಶೋಕಿಯ ಮಾತಲ್ಲ, ಚಿತ್ರ ಉಳಿಸಿಕೊಳ್ಳುವ ಉಪಾಯ. ಸಣ್ಣ ಗುಂಪಿನಲ್ಲಿ ಹೋದವನಿಗೆ ಚಿತ್ರ ಚೆನ್ನಾಗಿ ಕಾಣುತ್ತದೆ ಎಂಬುದು ಅದರ ಜೊತೆಗೇ ಬರುವ ಲಾಭ.

ಹಿಂದೂಪುರದಿಂದ ಸುಮಾರು ಹದಿನೈದು ಕಿಲೋಮೀಟರ್ ಹೋದರೆ ಲೇಪಾಕ್ಷಿ. ಆಮೆಯ ಬೆನ್ನಿನಂತಿರುವ ಬಂಡೆಯ ಮೇಲೆ ವೀರಭದ್ರ ದೇವಾಲಯ ನಿಂತಿದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ದಶಕದಲ್ಲಿ, ಪೆನುಕೊಂಡೆಯ ಆಡಳಿತದಲ್ಲಿದ್ದ ವಿರೂಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು ಇದನ್ನು ಕಟ್ಟಿಸಿದರು. ಇಬ್ಬರೂ ಕನ್ನಡನಾಡಿನ ಮೂಲದವರು. ಬಂಡೆಯ ಮೇಲೆ, ಪ್ರಾಕಾರದ ಗೋಡೆಯ ಮೇಲೆ ಕೊರೆದ ಶಾಸನಗಳು ಕನ್ನಡದಲ್ಲಿವೆ. ನಮ್ಮ ಮಕ್ಕಳು ಅಲ್ಲಿ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಲು ನೋಡುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕಾಲ ಗಮನಿಸಿ. ರೋಮಿನ ಸಿಸ್ಟೈನ್ ಮಂದಿರದ ಚಾವಣಿಯನ್ನು ಮೈಕೆಲೇಂಜೆಲೊ ಚಿತ್ರಿಸಿದ್ದು 1508ರಿಂದ 1512ರವರೆಗೆ. ಅದೇ ಮಂದಿರದ ಗೋಡೆಯ ಮೇಲೆ 'ಕಡೆಯ ತೀರ್ಪು' ಬರೆದದ್ದು 1536ರಿಂದ 1541ರವರೆಗೆ. ಅಚ್ಯುತರಾಯ ಆಳಿದ್ದು 1529ರಿಂದ 1542ರವರೆಗೆ. ಮೈಕೆಲೇಂಜೆಲೊ ರೋಮಿನಲ್ಲಿ ಅಟ್ಟಣಿಗೆ ಏರಿ ನಿಂತಿದ್ದ ವರ್ಷಗಳ ಆಸುಪಾಸಿನಲ್ಲೇ ನಮ್ಮ ಲೇಪಾಕ್ಷಿಯಲ್ಲೂ ಚಿತ್ರಕಾರರು ಕತ್ತೆತ್ತಿ, ತೋಳೆತ್ತಿ ಕಲ್ಲಿನ ಚಾವಣಿಗೆ ಬಣ್ಣ ಹಚ್ಚುತ್ತಿದ್ದರು. ಅಲ್ಲಿಯದು ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕಾದ ವಿದ್ಯೆ. ಇಲ್ಲಿ ಕಲ್ಲುಚಪ್ಪಡಿಗೆ ಸುಣ್ಣದ ಗಾರೆ ಸವರಿ ಅದರ ಮೇಲೆ ಮಣ್ಣು ಮತ್ತು ಖನಿಜಗಳ ಬಣ್ಣದಿಂದ ಬರೆದದ್ದು. ಮೈಕೆಲೇಂಜೆಲೊ ಹೆಸರು ಲೋಕಕ್ಕೇ ಗೊತ್ತು. ಲೇಪಾಕ್ಷಿಯಲ್ಲಿ ದಾನ ಕೊಟ್ಟವರ ಹೆಸರು ಉಳಿಯಿತು, ಬರೆದವರ ಕೈಚಳಕ ಮಾತ್ರ ಉಳಿಯಿತು.

ಆ ಚಾವಣಿಯ ಕೆಳಗೆ ಈಗ ನಿಲ್ಲೋಣ. ನಾಟ್ಯಮಂಟಪಕ್ಕೆ ಬಂದವರು ಸಾಮಾನ್ಯವಾಗಿ ಮೊದಲು ಹುಡುಕುವುದು ತೂಗುಗಂಬವನ್ನು. ನೆಲಕ್ಕೆ ಪೂರ್ತಿ ತಾಗದೆ ನಿಂತ ಆ ಕಂಬದ ಅಡಿಯಲ್ಲಿ ಟವೆಲ್ಲೋ ಸೀರೆಯ ಸೆರಗೋ ತೂರಿಸಿ ಆ ಕಡೆಯಿಂದ ಎಳೆದು, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಕಂಬ ಅಚ್ಚರಿಯದೇ, ಬೇಡವೆನ್ನುವುದಿಲ್ಲ. ಆದರೆ ತಲೆಯ ಮೇಲೆ ಒಂದು ಇಡೀ ಲೋಕ ಹರಡಿರುವಾಗ ಅರ್ಧ ಗಂಟೆಯೆಲ್ಲ ನೆಲ ನೋಡುವುದರಲ್ಲೇ ಕಳೆದುಹೋಗುವುದು ನನಗೆ ನೋವಿನ ಸಂಗತಿ.

ಚಿತ್ರಗಳು ತೊಲೆಯಿಂದ ತೊಲೆಗೆ ಉದ್ದುದ್ದ ಪಟ್ಟಿಗಳಾಗಿ ಸಾಗುತ್ತವೆ. ಹಿನ್ನೆಲೆ ಹೆಚ್ಚಾಗಿ ಕೆಮ್ಮಣ್ಣಿನ ಕೆಂಪು. ಅದರ ಮೇಲೆ ಕಪ್ಪು ಗೆರೆಯಲ್ಲಿ ತಿದ್ದಿದ ಹಳದಿ, ಬಿಳಿ, ಹಸಿರು ಮೈಗಳು. ಮೊದಲ ಹತ್ತು ನಿಮಿಷ ಏನೂ ತಿಳಿಯುವುದಿಲ್ಲ. ಕಣ್ಣು ಮಬ್ಬಿಗೆ ಒಗ್ಗಬೇಕು. ಆಮೇಲೆ ಒಂದೊಂದೇ ಕಥೆ ಎದ್ದುಬರುತ್ತದೆ. ಅಗೋ, ಕಾಡುಹಂದಿ. ಒಂದು ಕಡೆಯಿಂದ ಅರ್ಜುನ, ಇನ್ನೊಂದು ಕಡೆಯಿಂದ ಬೇಡನ ವೇಷದ ಶಿವ. ಇಬ್ಬರ ಬಾಣವೂ ಒಂದೇ ಹಂದಿಗೆ. ಗದುಗಿನ ನಾರಾಣಪ್ಪನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅತ್ತ ದ್ರೌಪದಿಯ ಸ್ವಯಂವರ ನಡೆದಿದೆ. ಇತ್ತ ಪಾರ್ವತಿಯ ಮದುವೆ, ಅವಳನ್ನು ಸಿಂಗರಿಸುವ ಗೆಳತಿಯರು. ಇನ್ನೊಂದೆಡೆ ಕರುವನ್ನು ಕಳೆದುಕೊಂಡ ಹಸು ಅರಮನೆಯ ಗಂಟೆ ಎಳೆಯುತ್ತದೆ, ಚೋಳರಾಜ ತನ್ನ ಮಗನನ್ನೇ ರಥದ ಗಾಲಿಗೆ ಕೊಡುತ್ತಾನೆ. ಆಲದೆಲೆಯ ಮೇಲೆ ಮಲಗಿದ ಶಿಶು ಕೃಷ್ಣನೂ ಇದ್ದಾನೆ. ನೀವು ಯಾವ ಮೂಲೆಯಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತಾನೆ ಎಂದು ಗೈಡುಗಳು ಹೇಳುವುದು ಇವನ ಬಗ್ಗೆಯೇ.

ಒಳಗಿನ ಅರ್ಧಮಂಟಪದ ಚಾವಣಿಯಲ್ಲಿ ವೀರಭದ್ರನ ಬೃಹತ್ ಚಿತ್ರವಿದೆ. ಅದರ ಅಳತೆಯನ್ನು 23 ಅಡಿ ಉದ್ದ, 13 ಅಡಿ ಅಗಲ ಎಂದು ಹೇಳುತ್ತಾರೆ. ಕಟ್ಟಿಸಿದ ಅಣ್ಣತಮ್ಮಂದಿರು ಕೂಡ ಉದ್ದನೆಯ ಕುಲಾವಿ ಟೊಪ್ಪಿಗೆ ಹಾಕಿಕೊಂಡು, ಕೈಮುಗಿದು, ತಾವೇ ಬರೆಸಿದ ಚಿತ್ರದೊಳಗೆ ನಿಂತಿದ್ದಾರೆ.

ಈ ಚಾವಣಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಬಟ್ಟೆಗಳು. ದೇವರಿಗಿಂತ ಹೆಚ್ಚು ಹೊತ್ತು ನಾನು ಸೀರೆಗಳನ್ನು ನೋಡಿದ್ದೇನೆ. ಪಟ್ಟೆ, ಚೌಕಳಿ, ಹೂಬಳ್ಳಿ, ಚುಕ್ಕಿ, ಒಂದರಂತೆ ಇನ್ನೊಂದಿಲ್ಲ. ಹೊರಗೆ ಲತಾಮಂಟಪದ ಕಂಬಗಳಲ್ಲೂ ಮುಖಕ್ಕೊಂದರಂತೆ ವಿನ್ಯಾಸಗಳನ್ನು ಕೊರೆದಿದ್ದಾರೆ. ಇವತ್ತಿಗೂ ನೇಕಾರರು ಅಲ್ಲಿಂದ ಅಂಚಿನ ನಮೂನೆ ಎತ್ತಿಕೊಳ್ಳುತ್ತಾರೆ. ಹತ್ತಿರದ ಧರ್ಮಾವರ ರೇಷ್ಮೆ ಸೀರೆಯ ಊರು. ಅಲ್ಲಿನ ಮಗ್ಗಕ್ಕೂ ಇಲ್ಲಿನ ಕಂಬಕ್ಕೂ ಇರುವ ನಂಟನ್ನು ನೇಕಾರರ ಬಾಯಿಂದಲೇ ಕೇಳಬೇಕು. ಇಟಲಿ ಮೂಲದ ಕಲಾ ಇತಿಹಾಸಕಾರ್ತಿ ಅನ್ನಾ ದಲ್ಲಾಪಿಕ್ಕೊಲಾ ವಿಜಯನಗರದ ಶಿಲ್ಪ, ಚಿತ್ರಗಳ ಅಧ್ಯಯನಕ್ಕೆ ದಶಕಗಳನ್ನೇ ಕೊಟ್ಟವರು. ವಾಸ್ತು ಇತಿಹಾಸಕಾರ ಜಾರ್ಜ್ ಮಿಶೆಲ್ ಮತ್ತು ಬಟ್ಟೆಗಳ ತಜ್ಞೆ ಬ್ರಿಗಿಟ್ ಖಾನ್ ಮಜ್ಲಿಸ್ ಜೊತೆ ಸೇರಿ ಅವರು ಲೇಪಾಕ್ಷಿಯ ಮೇಲೆ ಬರೆದ ದೊಡ್ಡ ಪುಸ್ತಕ 2019ರಲ್ಲಿ ಬಂತು. ಮೈಕೆಲೇಂಜೆಲೊನ ನಾಡಿನಿಂದ ಬಂದವರು ನಮ್ಮ ಚಾವಣಿಯ ಕೆಳಗೆ ಅಷ್ಟು ಕಾಲ ನಿಂತರು ಎಂದ ಮೇಲೆ ನಾವು ಅರ್ಧ ದಿನವಾದರೂ ನಿಲ್ಲಬೇಡವೇ?

ಹೋಗುವವರಿಗೆ ಒಂದು ಸಲಹೆ. ಕೈಗನ್ನಡಿ ಇಟ್ಟುಕೊಳ್ಳಿ. ಕತ್ತೆತ್ತಿ ನೋಡಿದರೆ ಐದು ನಿಮಿಷಕ್ಕೆ ನೋವು ಬರುತ್ತದೆ. ಕನ್ನಡಿಯನ್ನು ಎದೆಮಟ್ಟದಲ್ಲಿ ಹಿಡಿದು ಅದರೊಳಗೆ ಚಾವಣಿ ನೋಡುತ್ತ ಮೆಲ್ಲಗೆ ನಡೆಯಬಹುದು. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಹತ್ತು ಜನ ಇದ್ದರೆ ಇದೆಲ್ಲ ಸಾಧ್ಯ. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಪಿಸುಮಾತಿನಲ್ಲಿ ತೋರಿಸಬಹುದು. ಐವತ್ತು ಜನ ಒಟ್ಟಿಗೆ ನುಗ್ಗಿದರೆ ಗೈಡು ಕೂಗಬೇಕು, ಹಿಂದಿನವರು ಮುಂದಿನವರನ್ನು ತಳ್ಳಬೇಕು. ಬಣ್ಣ ಈಗಾಗಲೇ ಹಲವು ಕಡೆ ಉದುರಿದೆ. 2022ರಲ್ಲಿ ಲೇಪಾಕ್ಷಿಯ ದೇವಾಲಯ ಮತ್ತು ನಂದಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಮುಂದೆ ವಿಶ್ವಪರಂಪರೆಯ ಪಟ್ಟಿಗೇ ಏರಿದರೆ ಬಸ್ಸುಗಳು ಇನ್ನೂ ಹೆಚ್ಚುತ್ತವೆ. ಪಡುವಾದಲ್ಲಿ ಮಾಡಿದಂಥ ಒಂದು ಮಿತಿಯನ್ನು ಇಲ್ಲಿಯೂ ಆಗ ತರಬೇಕಾಗುತ್ತದೆ. ಈಗಲೇ ತಂದರೆ ಇನ್ನೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಕಲೆಯ ಮಾತು ಊಟದ ಮಾತಿಗೆ ತಿರುಗಲು ಲೇಪಾಕ್ಷಿಯಲ್ಲಿ ಎಲ್ಲೂ ದೂರ ಹೋಗಬೇಕಿಲ್ಲ. ದೇವಾಲಯದ ಹಿಂಬದಿಗೆ ನಡೆದರೆ ಏಳು ಹೆಡೆಯ ನಾಗ ಲಿಂಗಕ್ಕೆ ನೆರಳಾಗಿ ನಿಂತಿದೆ, ಎಲ್ಲ ಒಂದೇ ಕಲ್ಲಿನದು. ಊರವರು ಹೇಳುವ ಕಥೆ ಇದು: ಶಿಲ್ಪಿಗಳು ಮಧ್ಯಾಹ್ನದ ಊಟಕ್ಕೆಂದು ಕೆಲಸ ಬಿಟ್ಟು ಬಂದರಂತೆ. ತಾಯಿ, "ಅಡುಗೆ ಇನ್ನೂ ಆಗಿಲ್ಲ, ಸ್ವಲ್ಪ ತಾಳ್ರಪ್ಪಾ" ಅಂದಳಂತೆ. ಅಡುಗೆ ಆಗುವಷ್ಟರಲ್ಲಿ ಅವರು ಎದುರಿಗಿದ್ದ ಬಂಡೆಯನ್ನೇ ನಾಗಲಿಂಗ ಮಾಡಿಬಿಟ್ಟರಂತೆ. ಅದನ್ನು ಕಂಡು ತಾಯಿ ಬೆರಗಾದದ್ದೇ ದೃಷ್ಟಿಯಾಗಿ ಕಲ್ಲು ಬಿರುಕು ಬಿಟ್ಟಿತು ಎಂದು ಕಥೆ ಮುಗಿಸುತ್ತಾರೆ. ಅಲ್ಲೇ ಪ್ರಾಕಾರದ ಬಂಡೆಯಲ್ಲಿ ತಟ್ಟೆಯ ಆಕಾರದ ಗುಂಡಿಗಳನ್ನು ಕೊರೆದಿದೆ. ಅನ್ನಕ್ಕೊಂದು ದೊಡ್ಡ ಗುಂಡಿ, ಪಲ್ಯ, ಸಾರಿಗೆ ಸುತ್ತ ಚಿಕ್ಕವು. ಶಿಲ್ಪಿಗಳು ಊಟ ಮಾಡುತ್ತಿದ್ದ ತಟ್ಟೆ ಎಂದು ಒಬ್ಬರು ಹೇಳಿದರೆ, ಬಣ್ಣ ಕಲಸುತ್ತಿದ್ದ ಗುಂಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆಯೇ.

ಈ ಸೀಮೆಯ ಊಟ ಮಳೆ ಕಡಿಮೆಯ ನೆಲದ ಊಟ. ಹಳೆಯ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು. ರಾಗಿ, ಶೇಂಗಾ, ಹುರುಳಿ, ಅವರೆ, ತೊಗರಿ, ಇವೇ ಆಧಾರ. ಬೆಳಿಗ್ಗೆ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿದ ಈ ತಿಂಡಿ ಬಳ್ಳಾರಿಯವರಿಗೆ ಹೊಸದಲ್ಲ, ತುಮಕೂರಿನವರಿಗೆ ಹೊಸದು. ಮಧ್ಯಾಹ್ನ ಸಂಗಟಿ. ಬರಿ ರಾಗಿಹಿಟ್ಟಿನ ಮುದ್ದೆಗಿಂತ ಇದು ಬೇರೆ. ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅದರಲ್ಲಿ ರಾಗಿಹಿಟ್ಟು ಕೂಡಿಸಿ, ಕೋಲಿನಿಂದ ತಿರುವಿ ಉಂಡೆ ಕಟ್ಟುತ್ತಾರೆ. ಅದಕ್ಕೆ ಹುರಿದ ಶೇಂಗಾ, ಒಣಮೆಣಸು, ಹುಣಸೆ ಹಾಕಿ ಒರಳಿನಲ್ಲಿ ಅರೆದ ಚಟ್ನಿ, ಇಲ್ಲವೇ ಸೊಪ್ಪಿನ ಹುಳಿ, ಇಲ್ಲವೇ ನಾಟಿ ಕೋಳಿ ಸಾರು. ಪಶ್ಚಿಮಕ್ಕೆ ಮಡಕಶಿರಾ ಕಡೆ ಹೋದಂತೆ ಸಂಗಟಿ ಹಿಂದೆ ಸರಿದು ನಮ್ಮ ಮುದ್ದೆ, ಬಸ್ಸಾರು, ಹುರುಳಿಕಟ್ಟಿನ ಸಾರು ಮುಂದೆ ಬರುತ್ತವೆ. ಗಡಿಯ ಗೆರೆ ಎಲ್ಲಿದೆ ಎಂಬುದು ನಾಲಿಗೆಗೆ ಗೊತ್ತಾಗುವುದಿಲ್ಲ.

ಈ ಊಟಕ್ಕೆಲ್ಲ ಹುಳಿ ಕೊಡುವುದು ಹುಣಸೆ. ಹಿಂದೂಪುರದ ಮಾರುಕಟ್ಟೆ ಯಾರ್ಡು ದೇಶದ ದೊಡ್ಡ ಹುಣಸೆ ಮಾರುಕಟ್ಟೆಗಳಲ್ಲಿ ಒಂದು. ಸಂಕ್ರಾಂತಿ ಕಳೆದು ಬೇಸಿಗೆ ಏರುವ ತಿಂಗಳುಗಳಲ್ಲಿ ಅಲ್ಲಿ ಕಾಲಿಟ್ಟರೆ ಗಾಳಿಯೇ ಬಾಯಲ್ಲಿ ನೀರೂರಿಸುತ್ತದೆ. ಕರಿಪುಳಿ, ಫ್ಲವರ್ ಎಂದು ದರ್ಜೆ ಮಾಡಿ ರಾಶಿ ಹಾಕಿರುತ್ತಾರೆ, ಹರಾಜು ನಡೆದಿರುತ್ತದೆ. ಒಣಮೆಣಸಿನಕಾಯಿ, ಬೆಲ್ಲ, ರೇಷ್ಮೆಗೂಡು ಇವೂ ಇಲ್ಲಿನ ವ್ಯಾಪಾರವೇ. ಮರಗಳ ಕೆಳಗೆ ಹೆಂಗಸರು ಕೂತು ಕಾಯಿ ಒಡೆದು, ನಾರು ಬಿಡಿಸಿ, ಬೀಜ ತೆಗೆಯುವ ಕೆಲಸ ಹಳ್ಳಿಹಳ್ಳಿಯಲ್ಲೂ ಕಾಣುತ್ತದೆ. ಇಟಲಿಗೆ ಹೋದವರು ಆಲಿವ್ ಗಾಣ ನೋಡುವುದಕ್ಕೆಂದೇ ಒಂದು ದಿನ ಮೀಸಲಿಡುತ್ತಾರೆ. ಹುಣಸೆ ಯಾರ್ಡಿಗೆ ಒಂದು ಬೆಳಗು ಕೊಟ್ಟರೆ ಅದೇನೂ ಹೆಚ್ಚಲ್ಲ.

ಇಟಲಿಯವರು ಊಟದ ವಿಚಾರದಲ್ಲಿ ಎರಡು ಒಳ್ಳೆಯ ಕೆಲಸ ಮಾಡಿದ್ದಾರೆ. ನಾವು ಅವನ್ನು ತಿಳಿದಿರಬೇಕು. 1985ರಲ್ಲಿ ಅವರು ಒಂದು ಕಾನೂನು ತಂದರು. ಅದರ ಪ್ರಕಾರ ರೈತ ತನ್ನ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಊಟ ಹಾಕಿ ಹಣ ಪಡೆಯಬಹುದು. ಆದರೆ ಬೇಸಾಯವೇ ಅವನ ಮುಖ್ಯ ಕಸುಬಾಗಿರಬೇಕು, ಅತಿಥಿಸೇವೆ ಅದಕ್ಕೆ ಪೂರಕವಾಗಿ ಮಾತ್ರ ಇರಬೇಕು. ಮರುವರ್ಷ, 1986ರಲ್ಲಿ, ರೋಮಿನ ಹಳೆಯ ಚೌಕವೊಂದರಲ್ಲಿ ಅಮೆರಿಕದ ಬರ್ಗರ್ ಅಂಗಡಿ ತೆರೆದಾಗ ಕಾರ್ಲೊ ಪೆಟ್ರೀನಿ ಮತ್ತು ಅವರ ಗೆಳೆಯರು ಪ್ರತಿಭಟಿಸಿದರು. ಅಲ್ಲಿಂದ 'ಸ್ಲೋ ಫುಡ್' ಚಳವಳಿ ಬೆಳೆಯಿತು. ಬಸವನಹುಳು ಅದರ ಗುರುತು. ಆಯಾ ನೆಲದ ಬೀಜ, ಆಯಾ ನೆಲದ ಅಡುಗೆ, ಬೆಳೆದವನಿಗೆ ನ್ಯಾಯವಾದ ಬೆಲೆ: ಇವು ಅವರ ಬೇಡಿಕೆಗಳು. ಹಿಂದೂಪುರದ ಸುತ್ತ ಇದಕ್ಕೆ ಬೇಕಾದದ್ದೆಲ್ಲ ಇದೆ. ಲೇಪಾಕ್ಷಿಗೆ ಬಂದ ಅತಿಥಿ ಹೆದ್ದಾರಿಯ ಹೋಟೆಲಿನಲ್ಲಿ ಗೋಬಿ ಮಂಚೂರಿ ತಿಂದು ಹೋದರೆ ಊರಿಗೆ ಏನೂ ದಕ್ಕುವುದಿಲ್ಲ. ಅದೇ ಅತಿಥಿ ಒಂದು ಮನೆಯ ಜಗುಲಿಯಲ್ಲಿ ಕೂತು ಉಂಡರೆ ರಾಗಿಗೆ ಬೆಲೆ ಬರುತ್ತದೆ, ಅಡುಗೆ ಮಾಡಿದ ಕೈಗೂ ಬೆಲೆ ಬರುತ್ತದೆ. ಮಡಕಶಿರಾ ಆಚೆಯ ಅಗಳಿ ಕಡೆಯ ಒಂದು ಹಳ್ಳಿಯಲ್ಲಿ ನಮಗೆ ಬಡಿಸಿದ ಅಜ್ಜಿ, "ಇನ್ನೊಂದ್ ಚೂರು ಹಾಕ್ಸ್ಕಳಿ ಸಾಮಿ, ನಮ್ಮೊಲದ್ ರಾಗೀನೇ" ಅಂದಳು. ಆ 'ನಮ್ಮೊಲದ್ ರಾಗಿ' ಎಂಬ ಮಾತಿನಲ್ಲಿದ್ದ ಹೆಮ್ಮೆ ಯಾವ ಹೋಟೆಲಿನಲ್ಲೂ ಸಿಗುವಂಥದಲ್ಲ.

ಕಡಲಂಚಿನ ಹಳ್ಳಿ ಇಲ್ಲಿಲ್ಲ, ನಿಜ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಬರುವ ಪೆನ್ನಾರ್ ನದಿಯೇ ಇಲ್ಲಿ ಬಹುಪಾಲು ಮರಳು. ಆದರೆ ಕೆರೆದಂಡೆಯ ಹಳ್ಳಿಗಳಿವೆ, ಅವುಗಳಲ್ಲಿ ವೀರಾಪುರವನ್ನು ನೋಡಲೇಬೇಕು. ಚಿಲಮತ್ತೂರು ಮಂಡಲದ ಈ ಊರಿಗೆ ವರ್ಷವರ್ಷವೂ ಚಳಿಗಾಲ ಮುಗಿಯುತ್ತ ಬಂದಾಗ ಬಣ್ಣದ ಕೊಕ್ಕರೆಗಳು ಬರುತ್ತವೆ. ಊರ ನಡುವಿನ ಮರಗಳ ಮೇಲೆ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಊರವರು ಅವನ್ನು ಹೊಡೆಯುವುದಿಲ್ಲ, ಹೊಡೆಯಲು ಬಿಡುವುದೂ ಇಲ್ಲ. ಹಕ್ಕಿ ಬೆದರುತ್ತವೆಂದು ಪಟಾಕಿಯನ್ನೂ ಹಚ್ಚುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಬಲ್ಲ ಕನ್ನಡಿಗರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಹಕ್ಕಿಗಳು ಕಡಿಮೆ. ಕೆರೆ ತುಂಬಿದ ವರ್ಷ ಮರಗಳೆಲ್ಲ ಬಿಳಿ. ಇಂಥ ಊರಿಗೆ ಐವತ್ತು ಜನರ ಬಸ್ಸು ಹಾರ್ನು ಹೊಡೆಯುತ್ತ ನುಗ್ಗುವುದನ್ನು ನೆನೆಸಿಕೊಳ್ಳುವುದೂ ಬೇಡ.

ಇಟಲಿಯ ಚಿಂಕ್ವೆ ತೆರ್ರೆ ಎಂಬ ಕಡಲತೀರದಲ್ಲಿ ಬೆಟ್ಟಕ್ಕೆ ಅಂಟಿಕೊಂಡ ಐದು ಹಳ್ಳಿಗಳಿವೆ. ಗಾರೆಯಿಲ್ಲದೆ ಒಟ್ಟಿದ ಕಲ್ಲುಗೋಡೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿತೋಟ. 1997ರಲ್ಲಿ ಅವು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರು ಲಕ್ಷಗಟ್ಟಲೆ ಬಂದರು, ತೋಟ ಮಾಡುವವರು ಕಡಿಮೆಯಾದರು. ಗೋಡೆಗಳನ್ನು ನೋಡಿಕೊಳ್ಳುವ ಕೈಗಳಿಲ್ಲದೆ ಎಷ್ಟೋ ಕಡೆ ಮೆಟ್ಟಿಲುಗಳು ಕುಸಿದಿವೆ. ವೆನಿಸ್ ನಗರವಂತೂ 2024ರಿಂದ ಜನ ಹೆಚ್ಚಾಗುವ ದಿನಗಳಲ್ಲಿ ಬಂದು ಸಂಜೆಗೆ ಮರಳುವ ಪ್ರವಾಸಿಗರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತಿದೆ. ನಮ್ಮ ಸೀಮೆಯ ಕಷ್ಟ ಅದಕ್ಕೆ ತಿರುಗುಮುರುಗು. ಲೇಪಾಕ್ಷಿ ಬಿಟ್ಟರೆ ಇಲ್ಲಿ ಪ್ರವಾಸಿಗರ ದಂಡಿಲ್ಲ, ಊರುಗಳೇ ಬೆಂಗಳೂರಿಗೆ ಗುಳೆ ಹೋಗುತ್ತಿವೆ. ಆದರೆ ಊರು ಖಾಲಿಯಾದರೆ ಆಗುವ ನಷ್ಟ ಎರಡೂ ಕಡೆ ಒಂದೇ. ಅಲ್ಲಿ ಕಲ್ಲುಗೋಡೆ ಬೀಳುತ್ತದೆ, ಇಲ್ಲಿ ಕೆರೆಕೋಡಿ ಒಡೆಯುತ್ತದೆ.

ಇಟಲಿಯವರು ಈ ಕಡೆಗೆ ಹೊಸಬರಲ್ಲ. ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರವನ್ನು ಕಂಡ. ನಮ್ಮ ಇತಿಹಾಸ ಪುಸ್ತಕಗಳಲ್ಲಿ ಸೀಸರ್ ಫ್ರೆಡರಿಕ್ ಎಂದು ಬರುವ ವೆನಿಸ್‌ನ ವ್ಯಾಪಾರಿ ಚೆಸಾರೆ ಫೆದೆರಿಚಿ 1567ರಲ್ಲಿ, ಅಂದರೆ ರಕ್ಕಸತಂಗಡಿಯ ಯುದ್ಧವಾದ ಎರಡು ವರ್ಷಕ್ಕೆ, ಹಂಪೆಗೆ ಬಂದು ಏಳು ತಿಂಗಳು ಇದ್ದ. ಅರಸರು ಪಾಳುಬಿದ್ದ ಪಟ್ಟಣ ಬಿಟ್ಟು ಎಂಟು ದಿನದ ಹಾದಿಯ ಪೆನುಕೊಂಡೆಗೆ ಹೋದರೆಂದು ಬರೆದಿಟ್ಟವನು ಅವನೇ. ಆ ಪೆನುಕೊಂಡೆ ಇರುವುದು ಹಿಂದೂಪುರದ ಪಕ್ಕದಲ್ಲೇ. ಗಗನಮಹಲು, ಪಾರ್ಶ್ವನಾಥ ಬಸದಿ, ಬಾಬಯ್ಯನ ದರ್ಗಾ ಮೂರನ್ನೂ ಅರ್ಧ ದಿನದಲ್ಲಿ ನಡೆದು ನೋಡಬಹುದು. ಇನ್ನೊಬ್ಬ ಇಟಲಿಯವನು, ಪಿಯೆತ್ರೊ ದೆಲ್ಲಾ ವಾಲ್ಲೆ, 1623ರಲ್ಲಿ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಹುಡುಗರು ಗುಡಿಯ ಜಗುಲಿಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುವುದನ್ನು ಕಂಡು ವಿವರವಾಗಿ ಬರೆದ. ನಿಧಾನವಾಗಿ ಹೋದವನಿಗೆ ಮಾತ್ರ ಅಂಥದು ಕಾಣುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಚಿತ್ರಗಳಿಂದ ತುಂಬಿದ ಆಂಟೋನಿಯೊ ಮೊಸ್ಕೇನಿ ಕೂಡ ಇಟಲಿಯಿಂದ ಬಂದ ಯೇಸುಸಭೆಯವರು. ಕಡಲಂಚನ್ನೇ ಬಯಸುವವರು ಅಲ್ಲಿಗೆ ಹೋಗಬಹುದು.

ಈಗ ಮಡಕಶಿರಾ ದಾಟಿ ಪಶ್ಚಿಮಕ್ಕೆ ಹೋಗೋಣ. ರೊಳ್ಳ, ಅಗಳಿ, ಅಮರಾಪುರ; ಇಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗಿನಿಂದ ಹೀಗೆ ನಡೆದಿದೆ. 2022ರಲ್ಲಿ ಈ ಭಾಗವೆಲ್ಲ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸರ್ಕಾರಿ ಕನ್ನಡ ಶಾಲೆಗಳು ಇನ್ನೂ ಇವೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ಅಳಲೂ ಇದೆ. ಅಮರಾಪುರದ ಆಚೆ, ಕರ್ನಾಟಕದ ಗಡಿಗೆ ತಾಗಿದಂತೆ ಹೇಮಾವತಿ ಇದೆ. ಇದು ನೊಳಂಬ ಅರಸರ ಹೆಂಜೇರು. ಸಾವಿರ ವರ್ಷಕ್ಕೂ ಹಿಂದೆ ನೊಳಂಬವಾಡಿಯ ರಾಜಧಾನಿ. ದೊಡ್ಡೇಶ್ವರ ಗುಡಿಯ ದೊಡ್ಡ ನಂದಿ, ಕಲ್ಲನ್ನು ತೂತು ಕೊರೆದು ಮಾಡಿದ ಜಾಲಂಧ್ರಗಳು, ನುಣುಪಾಗಿ ತಿಕ್ಕಿದ ಕರಿಗಲ್ಲಿನ ಕಂಬಗಳು ಇಲ್ಲಿವೆ. ಸಿದ್ಧೇಶ್ವರನ ಗುಡಿಯಲ್ಲಿ ಲಿಂಗದ ಬದಲು ಕೂತಿರುವ ಶಿವನ ಮೂರ್ತಿಗೆ ಪೂಜೆ. ಸುತ್ತಮುತ್ತಲ ಹಳ್ಳಿಗಳವರ ಮನೆದೇವರು ಅವನು. ನ್ಯಾಯಕ್ಕೆ ಹೆದರಿ ಅವನ ಮುಂದೆ ಸುಳ್ಳು ಹೇಳುವುದಿಲ್ಲ ಎನ್ನುವ ಭಕ್ತರಿದ್ದಾರೆ. ಚೋಳರು ಗೆದ್ದಾಗ ನೊಳಂಬರ ಕಂಬಗಳನ್ನು ಇಲ್ಲಿಂದ ಹೊತ್ತು ಕಾವೇರಿ ತೀರದ ತಿರುವೈಯಾರಿಗೆ ಒಯ್ದರು. ಅಲ್ಲಿನ ದೇವಾಲಯದಲ್ಲಿ ಇವತ್ತಿಗೂ ಅವು ನಿಂತಿವೆ. ತ್ಯಾಗರಾಜರ ಆರಾಧನೆಗೆ ತಿರುವೈಯಾರಿಗೆ ಹೋಗುವ ಕನ್ನಡಿಗರು ಆ ಕಂಬಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು, ಅವು ನಮ್ಮ ಹೆಂಜೇರಿನ ಕಸುಬು.

ಸಮಯ ಉಳಿದರೆ ಧರ್ಮಾವರದ ಹತ್ತಿರದ ನಿಮ್ಮಲಕುಂಟ. ಮೇಕೆಯ ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸಿ, ಉಳಿಯಿಂದ ತೂತು ಹೊಡೆದು, ಬಣ್ಣ ತುಂಬಿ ಗೊಂಬೆ ಮಾಡುವ ಕುಟುಂಬಗಳು ಅಲ್ಲಿವೆ. ಅವರಲ್ಲಿ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟ ಕಡಿಮೆಯಾಗಿ ಈಗ ಹೆಚ್ಚಾಗಿ ಲ್ಯಾಂಪ್‌ಶೇಡುಗಳನ್ನು ಮಾಡಿ ಮಾರುತ್ತಾರೆ. ಹತ್ತು ಜನ ಮುಂಚೆಯೇ ಹೇಳಿ ಹೋದರೆ ರಾತ್ರಿ ಪರದೆ ಕಟ್ಟಿ ಒಂದು ಪ್ರಸಂಗ ಆಡಿಸಬಹುದು. ಲೇಪಾಕ್ಷಿಯ ಚಾವಣಿಯಲ್ಲಿ ಕಂಡ ದೊಡ್ಡ ಕಣ್ಣು, ಪಕ್ಕಕ್ಕೆ ತಿರುಗಿದ ಮುಖ, ಬಿಗಿದ ನಡು ಆ ಪರದೆಯ ಮೇಲೆ ಅಲುಗಾಡುತ್ತವೆ. ಎರಡರ ರಕ್ತಸಂಬಂಧ ತಿಳಿಯಲು ಪಂಡಿತರು ಬೇಕಿಲ್ಲ.

ಕಲ್ಯಾಣದುರ್ಗದ ಕಡೆಗೆ ತಿರುಗಿದರೆ ಕಂಬದೂರಿನ ಮಲ್ಲಿಕಾರ್ಜುನ ದೇವಾಲಯ. ಆ ಕಡೆಯದೇ ರಾಳ್ಳಪಲ್ಲಿ ಎಂಬ ಹಳ್ಳಿ. ಅಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲಿ ಸಂಗೀತದ ಬಗ್ಗೆ ಬರೆದರು, ಅನ್ನಮಾಚಾರ್ಯರ ಎಷ್ಟೋ ಕೀರ್ತನೆಗಳಿಗೆ ರಾಗ ಕೂಡಿಸಿ ಹಾಡಲು ಕೊಟ್ಟರು. ಎರಡು ಭಾಷೆಯ ಹಾಲು ಕುಡಿದ ಈ ನೆಲದ ಮಗ ಹಾಗೆ ಆಗದೆ ಇನ್ನು ಹೇಗೆ ಆದಾರು!

ಕೇಳುಗರೇ, ಈಗ ಕೆಲಸದ ಮಾತು. ಕನ್ನಡ ಸಂಘಗಳಿಗೆ, ಶಾಲಾ ಕಾಲೇಜುಗಳ ಅಧ್ಯಾಪಕರಿಗೆ, ನಿವೃತ್ತರಾಗಿ ಬಿಡುವಾಗಿರುವವರಿಗೆ ನನ್ನದೊಂದು ಕೋರಿಕೆ. ಈ ಚಳಿಗಾಲದಲ್ಲಿ ಹತ್ತು ಜನ ಸೇರಿ. ಹನ್ನೆರಡಕ್ಕಿಂತ ಹೆಚ್ಚು ಬೇಡ. ಮೂರು ದಿನ ಇಟ್ಟುಕೊಳ್ಳಿ. ರೈಲಿನಲ್ಲಿ ಹಿಂದೂಪುರಕ್ಕೆ ಬನ್ನಿ, ಅಲ್ಲಿಂದ ಒಂದು ಸಣ್ಣ ವ್ಯಾನು ಮಾಡಿಕೊಳ್ಳಿ. ಲೇಪಾಕ್ಷಿಗೆ ಒಂದು ಪೂರ್ತಿ ದಿನ ಕೊಡಿ, ಹೇಮಾವತಿಗೆ ಇನ್ನೊಂದು ದಿನ. ಊಟವನ್ನು ಹಳ್ಳಿಯ ಮನೆಯಲ್ಲಿ ಮೊದಲೇ ಹೇಳಿ ಮಾಡಿಸಿಕೊಳ್ಳಿ, ಹೋಟೆಲಿಗೆ ಕೊಡುವಷ್ಟೇ ಹಣವನ್ನು ಆ ಮನೆಗೂ ಕೊಡಿ. ಮಡಕಶಿರಾ ಸೀಮೆಯ ಕನ್ನಡ ಶಾಲೆಗಳ ಗುರುಗಳೇ, ನಿಮ್ಮ ಹತ್ತನೇ ತರಗತಿಯ ಹುಡುಗ ಹುಡುಗಿಯರಿಗೆ ಆ ಚಾವಣಿಯ ಕಥೆಗಳನ್ನು, ಹೆಂಜೇರಿನ ಶಾಸನಗಳನ್ನು ಕಲಿಸಿ. ಬಂದ ಅತಿಥಿಗಳಿಗೆ ಕನ್ನಡದಲ್ಲಿ, ತೆಲುಗಿನಲ್ಲಿ ವಿವರಿಸಿ ಹೇಳುವ ಕೆಲಸ ಅವರದಾಗಲಿ, ಅದಕ್ಕೆ ಸಂಭಾವನೆಯೂ ಸಿಗಲಿ. ಆ ಮಕ್ಕಳಲ್ಲಿ ನಾಲ್ಕು ಜನ ಊರಲ್ಲೇ ಉಳಿದರೂ ಈ ಪ್ರಯಾಣ ಸಾರ್ಥಕ.